ಆಳ ತೋರಿಸುವ ಮುಳ್ಳಿನ ವಾಚ್‌ಗಳು

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಡಯಲ್ ಮೇಲೆ 200 ಮೀಟರ್ ಅಂತ ಬರೆದಿರುವ ವಾಚ್ ಆಳ ಅಳೆಯುತ್ತದೆ ಅಂದುಕೊಂಡವರು ತುಂಬಾ ಜನ ಇದ್ದಾರೆ. ಅಷ್ಟು ಒತ್ತಡಕ್ಕೆ ಒಳಗೆ ನೀರು ನುಗ್ಗದಂತೆ ಮಾಡಿದ್ದಾರೆ ಅಂತ ಅದರ ಅರ್ಥ, ಅಷ್ಟೇ. ನೀವು 5 ಮೀಟರ್‌ನಲ್ಲಿದ್ದೀರೋ 35ರಲ್ಲೋ, ಅದಕ್ಕೆ ಗೊತ್ತಾಗುವುದಿಲ್ಲ. ನಾನು ಇಲ್ಲಿ ಬರೆಯುತ್ತಿರುವುದು ನಿಜವಾಗಿಯೂ ಆಳ ಅಳೆಯುವ ಮುಳ್ಳಿನ ವಾಚ್‌ಗಳ ಬಗ್ಗೆ. ಬಹಳ ಸಣ್ಣ ಜಾತಿ ಇದು.

ಸ್ಕೂಬಾ, ಅಂದರೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಮುಳುಗುವವರಿಗೆ ಆಳ ಯಾಕೆ ಗೊತ್ತಿರಬೇಕು ಅಂದರೆ, ಕೆಳಗೆ ಹೋದಷ್ಟೂ ಉಸಿರಾಡಿದ ಗಾಳಿಯಲ್ಲಿರುವ ನೈಟ್ರೋಜನ್ ಮೈಯೊಳಗೆ ಜಾಸ್ತಿ ಕರಗುತ್ತದೆ. ಮೇಲೆ ಬರುವಾಗ ಅದು ಮೈಯೊಳಗೆ ಗುಳ್ಳೆಯಾದರೆ ಅಪಾಯ. ಹಾಗಾಗಿ ಕೆಳಗೆ ಇರಬಹುದಾದ ಹೊತ್ತು ಕಮ್ಮಿಯಾಗುತ್ತಾ ಹೋಗುತ್ತದೆ. ಡೈವಿಂಗ್ ತರಬೇತಿ ಕೊಡುವ ಪಾಡಿ ಸಂಸ್ಥೆಯ ಹಳೇ ಕೋಷ್ಟಕದ ಪ್ರಕಾರ ದಿನದ ಮೊದಲ ಡೈವ್‌ನಲ್ಲಿ 18 ಮೀಟರ್‌ಗೆ 56 ನಿಮಿಷ, 30 ಮೀಟರ್‌ಗೆ ಬರೀ 20. ಹೊತ್ತು ನೋಡೋಕೆ ವಾಚ್, ಆಳ ನೋಡೋಕೆ ಬೇರೆ ಮೀಟರ್, ಲೆಕ್ಕಕ್ಕೆ ಕೋಷ್ಟಕ, ಹೀಗೆ ಮೂರನ್ನೂ ಹೊತ್ತು ಇಳಿಯುತ್ತಿದ್ದರು. 1980ರ ದಶಕದಲ್ಲಿ ಡೈವ್ ಕಂಪ್ಯೂಟರ್ ಬಂದು ಇದೆಲ್ಲ ಒಂದೇ ಡಬ್ಬಿಗೆ ಸೇರಿತು. ಅಂದರೆ ಮುಳ್ಳಿನ ಆಳಮಾಪಕ ಇವತ್ತು ಯಾರಿಗೂ ಅನಿವಾರ್ಯವಲ್ಲ. ನನಗೆ ಅದರ ಹುಚ್ಚು ಹತ್ತಿರುವುದು ಬೇರೆ ಕಾರಣಕ್ಕೆ: ಆಳ ಅಳೆಯೋಕೆ ಇಂಜಿನಿಯರ್‌ಗಳು ಹಿಡಿದ ದಾರಿಗಳು ಒಂದಕ್ಕಿಂತ ಒಂದು ಮಜವಾಗಿವೆ.

ನನ್ನ ಮೆಚ್ಚಿನದು 2013ರಲ್ಲಿ ಬಂದ ಓರಿಸ್ ಅಕ್ವಿಸ್ ಡೆಪ್ತ್ ಗೇಜ್. ಇದರಲ್ಲಿ ಆಳಕ್ಕೆ ಅಂತ ಮುಳ್ಳೇ ಇಲ್ಲ! ಗಾಜಿನ ಅಂಚಿನೊಳಗೆ ಸುತ್ತಲೂ ಒಂದು ಸಣ್ಣ ಕಾಲುವೆ ಕೊರೆದಿದ್ದಾರೆ, 12 ಗಂಟೆಯ ಹತ್ತಿರ ಅದಕ್ಕೆ ಒಂದು ಬಾಯಿ, ಇನ್ನೊಂದು ತುದಿ ಬಂದ್. ಲೋಟವನ್ನು ಬೋರಲು ಹಾಕಿ ಬಕೆಟ್ ನೀರಿಗೆ ಒತ್ತಿದರೆ ಒಳಗಿನ ಗಾಳಿ ಆಚೆ ಬರದೆ ಕುಗ್ಗುತ್ತದಲ್ಲ, ಅದೇ ಆಟ ಇಲ್ಲೂ. ಇಳಿದಷ್ಟೂ ನೀರು ಕಾಲುವೆಯೊಳಗೆ ಮುಂದೆ ಸರಿಯುತ್ತದೆ, ನೀರೂ ಗಾಳಿಯೂ ಸೇರುವ ಗೆರೆ ಎಲ್ಲಿದೆಯೋ ಅಲ್ಲಿನ ಅಂಕಿ ಓದಿಕೊಳ್ಳಬೇಕು. ಗಿಯರಿಲ್ಲ, ಸ್ಪ್ರಿಂಗಿಲ್ಲ. ಒತ್ತಡ ಎರಡರಷ್ಟಾದರೆ ಗಾಳಿ ಅರ್ಧಕ್ಕೆ ಕುಗ್ಗುತ್ತದೆ ಅಂತ ಹೈಸ್ಕೂಲಿನಲ್ಲಿ ಉರು ಹೊಡೆದ ಬಾಯ್ಲನ ನಿಯಮ, 1662ರದ್ದು, ಕೈಮೇಲೆ ಕೆಲಸ ಮಾಡುತ್ತಿರುತ್ತದೆ.

ಇದರ ಸ್ಕೇಲ್ ನೋಡಿದರೆ ಮೊದಲಿಗೆ ವಿಚಿತ್ರ ಅನಿಸುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್‌ಗೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. ಮೇಲೆ ಹೇಗೂ ಒಂದು ಇರುತ್ತದೆ, 10 ಮೀಟರ್‌ನಲ್ಲಿ ಎರಡಾಗುತ್ತದೆ, ಗಾಳಿ ಅರ್ಧಕ್ಕೆ ಇಳಿಯುತ್ತದೆ. ಅಂದರೆ ಮೊದಲ 10 ಮೀಟರೇ ಅರ್ಧ ಕಾಲುವೆ ತಿಂದುಬಿಡುತ್ತದೆ. ಮುಂದಿನ ಹತ್ತಕ್ಕೆ ಆರನೇ ಒಂದು ಭಾಗ, ಅದರ ಮುಂದಿನ ಹತ್ತಕ್ಕೆ ಹನ್ನೆರಡನೇ ಒಂದು. ಸ್ಕೇಲ್ 100 ಮೀಟರ್‌ವರೆಗೆ ಇದೆ, ಆದರೆ 90ಕ್ಕೂ 100ಕ್ಕೂ ನಡುವಿನ ಜಾಗ ಕೂದಲೆಳೆಯಷ್ಟು, ಅಲ್ಲಿ ಓದುವುದು ಸುಮ್ನೆ ಮಾತು.

ಇದು ಕೊರತೆ ಅಂತ ಬೈಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೇಲೆ ಬರುವಾಗ 5 ಮೀಟರ್ ಹತ್ತಿರ ಮೂರು ನಿಮಿಷ ನಿಲ್ಲಬೇಕು ಅಂತ ಕಲಿಸುತ್ತಾರೆ. ಅಲ್ಲಿ ಒಂದು ಮೀಟರ್ ಮೇಲೆ ಕೆಳಗೆ ಆದರೂ ಗೊತ್ತಾಗಬೇಕು, ಮತ್ತು ಈ ಸ್ಕೇಲ್ ಅತ್ಯಂತ ಅಗಲವಾಗಿರುವುದೂ ಅಲ್ಲೇ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಮೊದಲ ಸಲ ಮುಳುಗುವವರನ್ನೇ ತಗೊಳ್ಳಿ. ಪಾಡಿ ನಿಯಮದಂತೆ ತರಬೇತಿ ಇಲ್ಲದವರಿಗೆ 12 ಮೀಟರ್ ಮಿತಿ. ಆ 12 ಮೀಟರ್‌ಗೆ ಈ ವಾಚಿನ ಅರ್ಧಕ್ಕಿಂತ ಹೆಚ್ಚು ಸುತ್ತು ಮೀಸಲು. ಹಾಂ, ಕಾಲುವೆಯಲ್ಲಿ ಒಂದು ಹನಿ ನೀರೋ ಮರಳಿನ ಕಣವೋ ಸಿಕ್ಕಿಕೊಂಡರೆ ಲೆಕ್ಕ ಕೆಟ್ಟಂತೆ. ತೊಳೆದು ಒಣಗಿಸುವ ತಾಳ್ಮೆ ಬೇಕು.

ಇನ್ನೊಂದು ದಾರಿ ಪೊರೆಯದ್ದು. ತೆಳುವಾದ ಲೋಹದ ಪೊರೆಯನ್ನು ನೀರು ಒತ್ತುತ್ತದೆ, ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಆ ಅಲುಗಾಟವನ್ನು ಹಿಗ್ಗಿಸಿ ಮುಳ್ಳು ತಿರುಗಿಸುತ್ತಾರೆ. ಸ್ವಿಸ್ ಕಂಪನಿ ಫಾವ್ರ್-ಲ್ಯೂಬಾ 1962ರಲ್ಲಿ ಬಿವ್ವಾಕ್ ಅನ್ನುವ ವಾಚಿನಲ್ಲಿ ಬೆಟ್ಟದ ಎತ್ತರ ತೋರಿಸಿತ್ತು. 1968ರಲ್ಲಿ ಒತ್ತಡ ಅಳೆಯುವ ಆ ವಿದ್ಯೆಯನ್ನೇ ನೀರಿಗಿಳಿಸಿ ಬ್ಯಾತಿ ಮಾಡಿತು. ಮೀಟರ್ ಲೆಕ್ಕದವರಿಗೆ ಬ್ಯಾತಿ 50, ಅಡಿ ಲೆಕ್ಕದವರಿಗೆ ಬ್ಯಾತಿ 160.

ಇಲ್ಲಿ ನಮ್ಮ ಕಡೆಯ ಒಂದು ನಂಟಿದೆ. 19ನೇ ಶತಮಾನದಿಂದಲೇ ಇಂಡಿಯಾದಲ್ಲಿ ವಾಚ್ ಮಾರುತ್ತಿದ್ದ ಈ ಕಂಪನಿಯನ್ನು 2011ರಲ್ಲಿ ಕೊಂಡದ್ದು ನಮ್ಮ ಬೆಂಗಳೂರಿನ ಟೈಟನ್! ಅದರ ಕೈಯಲ್ಲಿದ್ದಾಗಲೇ ರೈಡರ್ ಬ್ಯಾತಿ 120 ಮೆಮೋಡೆಪ್ತ್ ಬಂತು. ಬ್ಯಾಟರಿ ಇಲ್ಲದೆ 120 ಮೀಟರ್‌ವರೆಗೆ ತೋರಿಸುತ್ತದೆ, ಎಷ್ಟು ಆಳ ಮುಟ್ಟಿದ್ದಿರಿ ಅನ್ನೋದನ್ನೂ ನೆನಪಿಟ್ಟುಕೊಳ್ಳುತ್ತದೆ. ಟೈಟನ್ ಆಮೇಲೆ ಬ್ರ್ಯಾಂಡನ್ನು ಮಾರಿಬಿಟ್ಟಿತು. ಬೆಂಗಳೂರಿನವರಿಗೇ ಈ ಕಥೆ ಅಷ್ಟಾಗಿ ಗೊತ್ತಿಲ್ಲ, ಯಾಕೋ ಬೇಜಾರು.

ದುಬಾರಿ ವಾಚ್ ಮನೆತನಗಳೂ ಇದಕ್ಕೆ ಕೈ ಹಾಕಿವೆ. ಐಡಬ್ಲ್ಯೂಸಿ 1999ರಲ್ಲಿ ಡೀಪ್ ಒನ್ ತಂದಿತು. ಬ್ಲಾಂಪಾ 2011ರ ಎಕ್ಸ್ ಫ್ಯಾದಮ್ಸ್‌ನಲ್ಲಿ ಮೊದಲ 15 ಮೀಟರ್‌ಗೇ ಪ್ರತ್ಯೇಕ ಸ್ಕೇಲ್ ಇಟ್ಟಿತು. ಓರಿಸ್ ಪುಕ್ಕಟೆ ಪಡೆದದ್ದನ್ನು ಇವರು ಗಿಯರ್ ಇಟ್ಟು ಸಾಧಿಸಿದರು, ಅಲ್ವಾ! ವಾಚಿನ ಅಗಲ 55 ಮಿಲಿಮೀಟರ್‌ಗೂ ಜಾಸ್ತಿ. ಅಂಗಿ ತೋಳು ಮರೆತುಬಿಡಿ.

ದಿನಬಳಕೆಗೆ ಅಂದರೆ ಸಿಟಿಜನ್. 1985ರ ಆಕ್ವಾಲ್ಯಾಂಡ್‌ನಲ್ಲಿ ಎಡಗಡೆ ಉಬ್ಬಿಕೊಂಡಿರುವ ಎಲೆಕ್ಟ್ರಾನಿಕ್ ಸೆನ್ಸರ್ ಇತ್ತು, ಆದರೆ ಆಳದ ಅಂಕಿ ಮೂಡುತ್ತಿದ್ದುದು ಡಿಜಿಟಲ್ ಪರದೆಯಲ್ಲಿ. ಈಚಿನ ಇಕೋ-ಡ್ರೈವ್ ಮಾದರಿಗಳಲ್ಲಿ ಪರದೆ ಹೋಗಿ ಮುಳ್ಳೇ 70 ಮೀಟರ್‌ವರೆಗೆ ತೋರಿಸುತ್ತದೆ. ಬೆಳಕಿನಲ್ಲೇ ಚಾರ್ಜ್ ಆಗುತ್ತದೆ. ಕಂಪ್ಯೂಟರ್ ಕೈಕೊಟ್ಟರೆ ಇರಲಿ ಅಂತ ಜೊತೆಗಿಟ್ಟುಕೊಳ್ಳೋಕೆ ನಾನು ಇದನ್ನೇ ಹೇಳುತ್ತೇನೆ, ಮನಸ್ಸು ಓರಿಸ್ ಕಡೆ ಎಳೆದರೂ.

ಹಳೇ ಬ್ಯಾತಿ ಹುಡುಕುವ ಆಸೆ ಇರುವವರಿಗೆ ಒಂದೇ ಮಾತು. ಅರ್ಧ ಶತಮಾನದ ಹಿಂದಿನ ಪೊರೆ, ರಬ್ಬರ್ ರಿಂಗುಗಳು ಅವು. ಡಯಲ್ ಫೋಟೋ ನೋಡಿ ದುಡ್ಡು ಕೊಡಬೇಡಿ. ಒತ್ತಡ ಕೊಟ್ಟಾಗ ಆಳದ ಮುಳ್ಳು ಏಳುತ್ತದಾ, ಮತ್ತೆ ಸೊನ್ನೆಗೆ ಬರುತ್ತದಾ ಅಂತ ವಿಡಿಯೋ ಕೇಳಿ. ಸಿಕ್ಕಿದರೂ ನೀರಿಗೆ ಮಾತ್ರ ಇಳಿಸಬೇಡಿ.