270 ರೂಪಾಯಿ ಜಾಸ್ತಿ

19 ನವೆಂಬರ್ 2025, ಬುಧವಾರ
ದಾವಣಗೆರೆ

ಕೆಲಸ ಕಲಿಯಲು ಅಪ್ರೆಂಟಿಸ್ ಆಗಿ ಹೋಗುವ ಕಡೆ ಸಂಜೆ ಕ್ಯಾಶ್ ಎಣಿಸಿದೆ. ಟ್ಯಾಲಿಯಲ್ಲಿ, ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ, ಇರೋದಕ್ಕಿಂತ ಪೆಟ್ಟಿಗೆಯಲ್ಲಿ 270 ರೂಪಾಯಿ ಜಾಸ್ತಿ. ಮೂರು ಸಲ ಎಣಿಸಿದರೂ ಅಷ್ಟೇ.

ಕಡಿಮೆ ಬಂದಿದ್ದರೆ ನನ್ನ ಕೈಯಿಂದ ಹಾಕಬೇಕಿತ್ತು. ಜಾಸ್ತಿ ತಾನೇ ಅಂತ ಮನಸ್ಸು ಹಗುರವಾಯಿತು. ನಾಳೆ 20, ಜಿಎಸ್‌ಟಿಯ 3ಬಿ ರಿಟರ್ನ್ ಹಾಕಲು ಕೊನೆಯ ದಿನ, ತಲೆ ತುಂಬಾ ಅದೇ ಇತ್ತು. "ಅಜ್ಜಾರೇ, ಕಡಿಮೆಯೇನೂ ಇಲ್ಲ, ನಾಳೆ ನೋಡೋಣ" ಅಂತ ಬ್ಯಾಗು ಹೆಗಲಿಗೆ ಹಾಕಿಕೊಂಡೆ.

ಗುಮಾಸ್ತ ಅಜ್ಜಾರು ಕನ್ನಡಕ ತೆಗೆದರು.

"ಕೂತ್ಕೋ ಅವ್ವಾ. ಕಡಿಮೆ ಬಂದ್ರೆ ನಮ್ಮ ದುಡ್ಡು ಹೋಗೈತಿ. ಜಾಸ್ತಿ ಬಂದ್ರೆ ಯಾರದ್ದೋ ದುಡ್ಡು ನಮ್ಮ ಹತ್ರ ಉಳಿದೈತಿ. ಯಾರದ್ದು ಅಂತ ಗೊತ್ತಾಗದೆ ಹೆಂಗ ಮನಿಗೆ ಹೋಗ್ತಿ?"

ಕೂತೆ. "ಒಂಬತ್ತರಿಂದ ಭಾಗಿಸು" ಅಂದರು. ಮೂವತ್ತು, ಶೇಷ ಇಲ್ಲ. ಅಂದರೆ ಎಲ್ಲೋ ಎರಡು ಅಂಕಿ ಹಿಂದುಮುಂದಾಗಿರಬೇಕು. ಹಾಗಾದಾಗ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಇದನ್ನ ನಾನು ಕ್ಲಾಸಿನಲ್ಲಿ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದಿದ್ದೇನೆ ಕೂಡ. ಪೆಟ್ಟಿಗೆ ಮುಂದೆ ನಿಂತಾಗ ನೆನಪಿಗೇ ಬರಲಿಲ್ಲ.

ಬೆಳಗಿನಿಂದ ಬರೆದ ಚೀಟಿಗಳನ್ನೆಲ್ಲ ಹರಡಿದೆವು. ಅಜ್ಜಾರು ಈಗಲೂ ದಿನದ ಲೆಕ್ಕ ಬರೆಯುವ ಕಿರ್ದಿ ಪುಸ್ತಕ ಇಟ್ಟಿದ್ದಾರೆ, ಅದನ್ನೂ ತೆಗೆದರು. ಸಿಕ್ಕಿತು. ಮೆಕ್ಕೆಜೋಳದ ಲಾರಿ ಇಳಿಸಿದ ಹಮಾಲಿ ಕೂಲಿ. 463 ಚೀಲ, ಚೀಲಕ್ಕೆ ಹತ್ತು, 4,630. ಟ್ಯಾಲಿಯಲ್ಲಿ ಸರಿಯಾಗಿಯೇ ಹಾಕಿದ್ದೆ. ದುಡ್ಡು ಕೊಡುವ ಚೀಟಿಯಲ್ಲಿ ಬರೆದದ್ದು 4,360. ನನ್ನದೇ ಅಕ್ಷರ.

ಹಮಾಲರು ಆರು ಜನ ಇದ್ದರು. ತಲೆಗೆ ನಲವತ್ತೈದು ರೂಪಾಯಿ. ಆಗಲೇ ಮನೆಗೆ ಹೋಗಿಬಿಟ್ಟಿದ್ದರು.

ನನಗೆ ಇದಕ್ಕಿಂತ ಜಾಸ್ತಿ ಕಾಡುತ್ತಿರುವುದು ಇನ್ನೊಂದು. ದುಡ್ಡು ಕೊಡುವಾಗ ಅವರಲ್ಲಿ ಒಬ್ಬರು "ಇಷ್ಟೇನಾ?" ಅನ್ನೋ ಹಾಗೆ ಚೀಟಿ ನೋಡಿದರು. ಪಕ್ಕದವರು "ಅಕ್ಕಾರು ಬರದಾರಲ್ಲ, ಸರಿ ಇರ್ತೈತಿ ಬಾ" ಅಂದರು. ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡೂ ಮತ್ತೊಮ್ಮೆ ಲೆಕ್ಕ ಹಾಕಲಿಲ್ಲ.

ನಮ್ಮ ತಾತ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ದುಡಿದವರು. ಸಂಬಳದ ಚೀಟಿ ಓದಲು ಬರುತ್ತಿರಲಿಲ್ಲ. ಕೊಟ್ಟಷ್ಟನ್ನ ಎಣಿಸಿ ಅಜ್ಜಿ ಕೈಗೆ ಕೊಡುತ್ತಿದ್ದರಂತೆ. ಕೊಟ್ಟಷ್ಟು.

ಮನೆಗೆ ಬಂದರೆ ಹರಿಹರದ ಚಿಕ್ಕಮ್ಮ ಫೋನಿನಲ್ಲಿ. ಮತ್ತೆ ಅದೇ ಪ್ರಶ್ನೆ, "ನಿಂದು ಡಿಗ್ರಿನೋ, ಕೆಲಸಾನೋ?" ಎರಡೂ ಚಿಕ್ಕಮ್ಮಾ. ಬಿ.ಕಾಂ.ನೇ, ಅದರ ಒಳಗೇ ಅಪ್ರೆಂಟಿಸ್‌ಶಿಪ್ ಸೇರಿಸಿದ್ದಾರೆ. ಇಂಥ ಡಿಗ್ರಿಗೆ ವಿಶ್ವವಿದ್ಯಾಲಯಗಳ ಮೇಲಿನ ಸಂಸ್ಥೆ ಯುಜಿಸಿ 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಕಂಪನಿಯಲ್ಲಿ ಕಲಿತದ್ದಕ್ಕೂ ಡಿಗ್ರಿಗೆ ಸೇರುವ ಕ್ರೆಡಿಟ್ ಸಿಗುತ್ತದೆ, ಸ್ಟೈಪೆಂಡೂ ಬರುತ್ತದೆ. ಅದರಲ್ಲೇ ನನ್ನ ಫೀಸು. "ಸಿಎ ಮಾಡಿದ್ರೆ ಚೆನ್ನಾಗಿತ್ತು" ಅಂದರು. ಅಲ್ಲೂ ಆರ್ಟಿಕಲ್‌ಶಿಪ್ ಎರಡು ವರ್ಷ ಇದೆ, ಅಲ್ಲೂ ಯಾರದ್ದೋ ಕೈಕೆಳಗೆ ಹೀಗೇ ಚೀಟಿ ನೋಡಬೇಕು ಅಂತ ಹೇಳಿದೆ. ಸಿಎ ಆಸೆ ನನಗೂ ಇದೆ. ಅದನ್ನ ಇವತ್ತು ಮಾತಾಡುವ ಮನಸ್ಸಿರಲಿಲ್ಲ.

ಕ್ಲಾಸಿನಲ್ಲಿ ಕಲಿತದ್ದು ಇಲ್ಲಿ ಕಣ್ಣ ಮುಂದೆ ಬರುತ್ತದೆ, ಅದು ನನಗೆ ತುಂಬಾ ಇಷ್ಟ. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆಯವರು ಅದನ್ನ ಖರ್ಚು ಅಂತ ಒಪ್ಪಲ್ಲ, ಆದರೆ ರೈತರಿಂದ ಬೆಳೆ ಕೊಂಡದ್ದಕ್ಕೆ ವಿನಾಯಿತಿ ಇದೆ. ಓದಿದಾಗ ಒಂದು ಸಾಲು ಅಷ್ಟೇ. ಇಲ್ಲಿ ಆ ರೈತರು ನನ್ನ ಮೇಜಿನ ಮುಂದೆಯೇ ನಿಂತಿರುತ್ತಾರೆ.

270ನ್ನ ಕವರಿನಲ್ಲಿ ಹಾಕಿ, ಮೇಲೆ ಲಾರಿ ನಂಬರು ಬರೆದು ಪೆಟ್ಟಿಗೆಯಲ್ಲಿ ಇಟ್ಟು ಬಂದಿದ್ದೇನೆ. ನಾಳೆ ಅವರು ಕೆಲಸ ಶುರು ಮಾಡುವ ಮೊದಲೇ ಹೋಗಬೇಕು. ಆರೂ ಜನ ಬರುತ್ತಾರಾ? ಒಬ್ಬರು ಬೇರೆ ಗೋದಾಮಿಗೆ ಹೋಗುವ ಮಾತಾಡುತ್ತಿದ್ದರು. ಅವರ ನಲವತ್ತೈದನ್ನ ಯಾರ ಕೈಯಲ್ಲಿ ಕೊಡೋದು, ಅವರ ಹೆಸರು ಕೂಡ ನನಗೆ ಗೊತ್ತಿಲ್ಲ.