‘ಮಂಗಳಮುಖಿ ಅಂತ ಹಾಕ್ಲಾ ಸಾರ್?’

ಮೈಸೂರಿನ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವುದು ನನ್ನ ಕೆಲಸ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಸುದ್ದಿ ಬಂದಾಗಲೆಲ್ಲ ಮದ್ದೂರು, ಪಾಂಡವಪುರ ಕಡೆಯ ವರದಿಗಾರ ಹುಡುಗರು ಫೋನ್ ಮಾಡಿ ಕೇಳುತ್ತಲೇ ಇರುತ್ತಾರೆ: ‘ಸಾರ್, ಮಂಗಳಮುಖಿ ಅಂತ ಹಾಕ್ಲಾ, ತೃತೀಯ ಲಿಂಗಿ ಅಂತ ಹಾಕ್ಲಾ?’

ನಾನು ಹೇಳುವುದು ಇಷ್ಟೇ. ಮೊದಲು ಕ್ರಿಯಾಪದ ಸರಿಮಾಡಪ್ಪ, ನಾಮಪದ ಆಮೇಲೆ ನೋಡೋಣ.

ಯಾಕೆ ಅಂದರೆ, ಮೊದಲ ಸಾಲಿನಲ್ಲಿ ಮರ್ಯಾದೆಯ ಹೆಸರು ಹಾಕಿ, ಎರಡನೇ ಸಾಲಿನಲ್ಲಿ ‘ಹೇಳಿದನು’ ಅಂತ ಬರೆದರೆ ಏನು ಉಳಿಯಿತು? ನಮ್ಮ ಕ್ರಿಯಾಪದದ ಬಾಲದಲ್ಲೇ ಗಂಡು, ಹೆಣ್ಣು ಕೂತಿರುತ್ತದೆ. ಮಾತಿನಲ್ಲಂತೂ ‘ಅದು ಬಂತು’ ಅನ್ನುವವರಿದ್ದಾರೆ. ದನಕರುವಿಗೆ ಹೇಳುವ ಹಾಗೆ! ಬೈಗುಳಕ್ಕಿಂತ ಇದು ಕೆಟ್ಟದ್ದು ಅಂತ ನನಗನ್ನಿಸುತ್ತದೆ. ‘ಅವರು ಬಂದರು’ ಅಂದರೆ ಮುಗಿಯಿತಲ್ವಾ? ಶಾಸಕರಿಗೂ ಮೇಷ್ಟ್ರಿಗೂ ಯಾರೂ ಹೇಳಿಕೊಡದೆ ಹಾಗೆ ಬರೆಯುತ್ತೇವೆ.

ಇನ್ನು ಹೆಸರಿನ ವಿಷಯ. ‘ಮಂಗಳಮುಖಿ’ ಅಂದರೆ ಗಂಡೆಂದು ಬೆಳೆಸಿದರೂ ತಾನು ಹೆಣ್ಣು ಎಂದು ಬದುಕುವ ಟ್ರಾನ್ಸ್ ಮಹಿಳೆಯರಷ್ಟೇ ನೆನಪಾಗುತ್ತಾರೆ. ಹೆಣ್ಣೆಂದು ಬೆಳೆಸಿದರೂ ತಾನು ಗಂಡು ಎಂದು ಬದುಕುವ ಟ್ರಾನ್ಸ್ ಪುರುಷರು ಆ ಪದದೊಳಗೆ ಬರುವುದೇ ಇಲ್ಲ. ‘ತೃತೀಯ ಲಿಂಗಿ’ ಅಂದರೆ ಒಂದನೆಯವರು, ಎರಡನೆಯವರು ಯಾರು ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2014ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮೂರನೇ ಲಿಂಗವನ್ನು ಒಪ್ಪಿತು, ನಿಜ. ಆದರೆ ಗಂಡು, ಹೆಣ್ಣು, ಮೂರನೆಯದು, ಇದರಲ್ಲಿ ತಾನು ಯಾವುದು ಎಂದು ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ ಅಂತಲೂ ಅದೇ ತೀರ್ಪು ಹೇಳಿತು. ‘ನಾನು ಹೆಣ್ಣು’ ಅನ್ನುವವರಿಗೆ ನಾವು ಸುಮ್ನೆ ಮೂರನೇ ನಂಬರ್ ಅಂಟಿಸುವುದು ಸರಿಯಲ್ಲ.

‘ಜೋಗತಿ’ ಪದ ಬೇರೆಯೇ. ಅದು ಉತ್ತರ ಕರ್ನಾಟಕದ ಎಲ್ಲಮ್ಮನ ಪರಂಪರೆಯದು. ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಅವರು ಅದನ್ನು ಹೆಸರಿನ ಜೊತೆಗೇ ಇಟ್ಟುಕೊಂಡಿದ್ದಾರೆ. ಹಾಗಂತ ಮಂಡ್ಯದ ಕಾಲೇಜು ವಿದ್ಯಾರ್ಥಿನಿಯನ್ನು ಜೋಗತಿ ಅಂತ ಬರೆಯಬೇಡಿ. ‘ಹಿಜ್ರಾ’ ಕೂಡ ಹಾಗೇ, ಗುರು–ಚೇಲಾ ಸಂಬಂಧವಿರುವ ಒಂದು ಸಮುದಾಯದ ಹೆಸರು, ಎಲ್ಲರದ್ದಲ್ಲ. ‘ಚಕ್ಕ’, ‘ಒಂಬತ್ತು’ ಬಗ್ಗೆ ಮಾತೇ ಬೇಡ.

ಒಟ್ಟಾರೆ ಎಲ್ಲರ ಬಗ್ಗೆ ಬರೆಯುವಾಗ ನಾನು ‘ಲಿಂಗತ್ವ ಅಲ್ಪಸಂಖ್ಯಾತರು’ ಅಂತ ಹಾಕುತ್ತೇನೆ. 2023ರಲ್ಲಿ ಶಕ್ತಿ ಯೋಜನೆ ಬಂದು ಇವರಿಗೂ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಈ ಪದ ಜನರಿಗೂ ಪರಿಚಯವಾಗಿದೆ. ಸ್ವಲ್ಪ ಉದ್ದ, ಒಂದು ಕಾಲಂ ತಲೆಬರಹದಲ್ಲಿ ಕೂರುವುದಿಲ್ಲ. ಆಗ ‘ಟ್ರಾನ್ಸ್‌ಜೆಂಡರ್’ ಸಾಕು. ಒಬ್ಬರ ಬಗ್ಗೆಯಾದರೆ ಅವರನ್ನೇ ಕೇಳಿ. ಆದರೆ ಹಳೆಯ ಹೆಸರು, ಆಪರೇಷನ್ ಆಗಿದೆಯಾ ಅನ್ನುವುದನ್ನೆಲ್ಲ ಕೇಳಬೇಡಿ. ಓದುಗರಿಗೂ ಅದು ಬೇಕಿಲ್ಲ.

ಮೊನ್ನೆ ಒಬ್ಬ ಹುಡುಗ ಬೈಕ್ ಅಪಘಾತದ ಸುದ್ದಿಗೂ ಇದೇ ಪ್ರಶ್ನೆ ಕೇಳಿದ. ಗಾಯಗೊಂಡವರ ಹೆಸರು, ವಯಸ್ಸು, ಊರು ಹಾಕಪ್ಪ ಸಾಕು ಅಂದೆ.