ಮಗಳು ಸೊರಾರಿಟಿ ಸೇರ್ತೀನಿ ಅಂತಾಳೆ, ಏನು ಹೇಳಲಿ?

ಆಗಸ್ಟ್ ಕೊನೆ ಬಂತೆಂದರೆ ಅಮೆರಿಕದಲ್ಲಿರುವ ನಮ್ಮ ಕನ್ನಡ ಕೂಟದ ತಾಯಂದಿರು ಫೋನ್ ಮಾಡಿ ನನ್ನನ್ನು ಕೇಳುವುದು ಇದನ್ನೇ. ಸೊರಾರಿಟಿ ಅಂದರೆ ಅಲ್ಲಿನ ಕಾಲೇಜು ಹುಡುಗಿಯರ ಸಂಘ, ಹುಡುಗರದಾದರೆ ಫ್ರೆಟರ್ನಿಟಿ; ಹೆಸರುಗಳು ಸಾಮಾನ್ಯವಾಗಿ ಗ್ರೀಕ್ ಅಕ್ಷರಗಳಲ್ಲಿರುತ್ತವೆ. ಕಾಲೇಜಿಗೆ ಬಿಟ್ಟುಬಂದು ಹದಿನೈದು ದಿನ ಆಗಿರುವುದಿಲ್ಲ, ಮಗಳು "ಅಮ್ಮಾ, ರಷ್ ಮಾಡ್ತಿದ್ದೀನಿ" ಅಂದಿರುತ್ತಾಳೆ. ರಷ್ ಅಂದರೆ ಈ ಸಂಘಗಳು ಹೊಸಬರನ್ನು ಆರಿಸಿಕೊಳ್ಳುವ ಸುತ್ತು. ಇಲ್ಲವೇ ಮಗ ಗ್ರೀಕ್ ಅಕ್ಷರಗಳ ಟೀ ಶರ್ಟ್ ತೊಟ್ಟು ವಿಡಿಯೋ ಕಾಲಿಗೆ ಬಂದಿರುತ್ತಾನೆ. "ಅದು ಬರೀ ಕುಡಿಯೋರ ಗುಂಪಂತಲ್ಲ ಅಕ್ಕಾ, ಬೇಡ ಅಂದುಬಿಡಲಾ?" ನನ್ನ ಮಗಳು ಸೊರಾರಿಟಿಯಲ್ಲಿದ್ದುಕೊಂಡೇ ಡಿಗ್ರಿ ಮುಗಿಸಿದವಳು. ಹಾಗಾಗಿ ಪ್ರಶ್ನೆ ನನ್ನ ಹತ್ತಿರ ಬರುತ್ತದೆ.

ಬೇಡ ಅನ್ನಬೇಡಿ. ಆದರೆ ಬಿಡ್, ಅಂದರೆ ಸೇರಲು ಸಂಘ ಕೊಡುವ ಆಹ್ವಾನ, ಒಪ್ಪಿಕೊಂಡ ದಿನದಿಂದ ಪೂರ್ಣ ಸದಸ್ಯರಾಗುವ ದೀಕ್ಷೆಯ ದಿನದವರೆಗಿನ ಆ ಕೆಲವು ವಾರ ಮಗುವಿನ ದನಿಯನ್ನು ಗಮನವಿಟ್ಟು ಕೇಳಿ. ದೊಡ್ಡ ಅಪಾಯ ಇರುವುದು ಆ ವಾರಗಳಲ್ಲಿ.

ಮೊದಲು, ಮಕ್ಕಳು ಯಾಕೆ ಹೋಗುತ್ತಾರೆ ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಲವತ್ತು ಸಾವಿರ ಹುಡುಗ ಹುಡುಗಿಯರಿರುವ ಕ್ಯಾಂಪಸ್ಸಿನಲ್ಲಿ ತನ್ನ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ ಅನ್ನಿಸುವುದು ಹದಿನೆಂಟರ ವಯಸ್ಸಿಗೆ ಸಣ್ಣ ನೋವಲ್ಲ. ನನ್ನ ಮಗಳಿಗೆ ಸಿಕ್ಕ 'ಬಿಗ್', ಅಂದರೆ ಹೊಸಬಳಿಗೆ ಅಕ್ಕನಂತೆ ಸಂಘ ಗೊತ್ತುಮಾಡುವ ಹಿರಿಯಳು, ಅವಳಿಗಿಂತ ಎರಡು ವರ್ಷ ದೊಡ್ಡವಳು. ಯಾವ ಪ್ರೊಫೆಸರ್ ಹತ್ತಿರ ಯಾವ ಕೋರ್ಸ್ ತೆಗೆದುಕೊಳ್ಳಬೇಕು ಎಂದು ಹೇಳಿಕೊಟ್ಟವಳು ಅವಳು, ಜ್ವರ ಬಂದಾಗ ಸೂಪ್ ತಂದುಕೊಟ್ಟವಳೂ ಅವಳೇ. ಅಷ್ಟು ದೂರದಿಂದ ನನಗೆ ಅದು ಮಾಡಲಾಗುತ್ತಿರಲಿಲ್ಲ.

ಈ ಸಂಘಗಳ ಚರಿತ್ರೆಯಲ್ಲಿ ಸೇರಿಸಿಕೊಳ್ಳುವುದರಷ್ಟೇ ಹೊರಗಿಡುವುದೂ ಇದೆ. 1776ರಲ್ಲಿ ವರ್ಜೀನಿಯಾದ ವಿಲಿಯಂ ಆ್ಯಂಡ್ ಮೇರಿ ಕಾಲೇಜಿನಲ್ಲಿ ಫೈ ಬೀಟಾ ಕಪ್ಪಾ ಹುಟ್ಟಿತು. 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಕಪ್ಪಾ ಆಲ್ಫಾ ಸೊಸೈಟಿ ಶುರುವಾಯಿತು. ಬಾಗಿಲು ತೆರೆದಿದ್ದುದು ಬಿಳಿಯ ಹುಡುಗರಿಗೆ. ಅದಕ್ಕೇ ಕಪ್ಪು ವಿದ್ಯಾರ್ಥಿಗಳು 1906ರಲ್ಲಿ ಕಾರ್ನೆಲ್‌ನಲ್ಲಿ ಆಲ್ಫಾ ಫೈ ಆಲ್ಫಾ ಕಟ್ಟಿಕೊಂಡರು, ಹೆಣ್ಣುಮಕ್ಕಳು 1908ರಲ್ಲಿ ಹೋವರ್ಡ್‌ನಲ್ಲಿ ಆಲ್ಫಾ ಕಪ್ಪಾ ಆಲ್ಫಾ ಕಟ್ಟಿಕೊಂಡರು. ಕಮಲಾ ಹ್ಯಾರಿಸ್ ಓದುವಾಗ ಸೇರಿದ್ದು ಈ ಸೊರಾರಿಟಿಯನ್ನೇ. ಇದೆಲ್ಲ ಹಳೆಯ ಕತೆ ಅಂದುಕೊಳ್ಳುವ ಹಾಗೂ ಇಲ್ಲ. ಅಲಬಾಮಾ ವಿಶ್ವವಿದ್ಯಾಲಯದ ಸೊರಾರಿಟಿಗಳು ಕಪ್ಪು ಹುಡುಗಿಯರನ್ನು ಬೇಕೆಂದೇ ಕೈಬಿಡುತ್ತಿವೆ ಎಂದು ಅಲ್ಲಿನ ವಿದ್ಯಾರ್ಥಿ ಪತ್ರಿಕೆ ಬರೆದು ಬಯಲಿಗೆಳೆದದ್ದು 2013ರಲ್ಲಿ.

ನಮ್ಮ ಮಕ್ಕಳ ಹೊತ್ತಿಗೆ ದಕ್ಷಿಣ ಏಷ್ಯಾದವರದೇ ಸಂಘಗಳು ಬಂದಿವೆ. 1998ರಲ್ಲಿ ಆಸ್ಟಿನ್‌ನಲ್ಲಿ ಡೆಲ್ಟಾ ಎಪ್ಸಿಲಾನ್ ಸೈ, ಅದೇ ವರ್ಷ ಹ್ಯೂಸ್ಟನ್‌ನಲ್ಲಿ ಹುಡುಗಿಯರ ಡೆಲ್ಟಾ ಫೈ ಒಮೇಗಾ. "ನಮ್ಮವರೇ ಇದ್ದಾರಲ್ಲ, ಭಯವಿಲ್ಲ" ಎಂದು ತಾಯಂದಿರು ಸಮಾಧಾನಪಟ್ಟುಕೊಳ್ಳುತ್ತಾರೆ. ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳಬೇಡಿ ಅನ್ನುತ್ತೇನೆ. 2013ರ ಡಿಸೆಂಬರ್‌ನಲ್ಲಿ ಪೈ ಡೆಲ್ಟಾ ಸೈ ಎಂಬ ಏಷ್ಯನ್ ಅಮೆರಿಕನ್ ಫ್ರೆಟರ್ನಿಟಿ ಹೊಸಬರನ್ನು ಪೆನ್ಸಿಲ್ವೇನಿಯಾದ ಬೆಟ್ಟದ ಮೇಲಿನ ಬಾಡಿಗೆ ಮನೆಗೆ ಕರೆದೊಯ್ದಿತು. ಅಲ್ಲಿ ನ್ಯೂಯಾರ್ಕಿನ ಬರೂಕ್ ಕಾಲೇಜಿನ ಹುಡುಗನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನಿಗೆ ಮರಳಿನ ಭಾರ ಹೊರಿಸಿ, ಮತ್ತೆ ಮತ್ತೆ ಕೆಡವಿದರು. ಪ್ರಜ್ಞೆ ತಪ್ಪಿದ ಮೇಲೂ ಆಸ್ಪತ್ರೆಗೆ ಒಯ್ಯಲು ತಡಮಾಡಿದರು. ಹುಡುಗ ಉಳಿಯಲಿಲ್ಲ. 2018ರಲ್ಲಿ ನ್ಯಾಯಾಲಯ ಆ ಸಂಘವನ್ನು ಹತ್ತು ವರ್ಷ ಪೆನ್ಸಿಲ್ವೇನಿಯಾದಿಂದಲೇ ಹೊರಹಾಕಿತು.

ಅದೇ ರಾಜ್ಯದ ಪೆನ್ ಸ್ಟೇಟ್‌ನಲ್ಲಿ 2017ರ ಫೆಬ್ರವರಿಯಲ್ಲಿ ಟಿಮಥಿ ಪಿಯಾಝಾ ಎಂಬ ವಿದ್ಯಾರ್ಥಿ ಸತ್ತದ್ದು ಬಿಡ್ ಒಪ್ಪಿಕೊಂಡ ರಾತ್ರಿಯ ಕುಡಿತದಿಂದ. ಬೀಟಾ ಥೀಟಾ ಪೈ ಫ್ರೆಟರ್ನಿಟಿಯ ಆ ಮನೆಯಲ್ಲಿ ನಿಯಮದ ಪ್ರಕಾರ ಮದ್ಯವೇ ಇರಕೂಡದಾಗಿತ್ತು. ಹುಡುಗ ನೆಲಮಾಳಿಗೆಯ ಮೆಟ್ಟಿಲಿನಿಂದ ಬಿದ್ದ ಮೇಲೆ ಸುಮಾರು ಹನ್ನೆರಡು ಗಂಟೆ ಯಾರೂ ತುರ್ತು ಸಹಾಯದ 911ಕ್ಕೆ ಕರೆ ಮಾಡಲಿಲ್ಲ. ನನ್ನನ್ನು ಇಂದಿಗೂ ಕಾಡುವುದು ಆ ಹನ್ನೆರಡು ಗಂಟೆ.

ನಾವು ಓದುವಾಗ ಕಂಡ ರ‍್ಯಾಗಿಂಗ್ ನೆನಪಿಗೆ ಬರುತ್ತದೆ, ನಿಜ. ಆದರೆ ಹಾಸ್ಟೆಲಿನ ಸೀನಿಯರುಗಳನ್ನು ನಾವು ಆರಿಸಿಕೊಂಡಿರಲಿಲ್ಲ, ಅವರನ್ನು ಮನಸಾರೆ ಬೈಯಬಹುದಿತ್ತು. ಇಲ್ಲಿ ಮಗು ತಾನೇ ಕೇಳಿ, ಆಸೆಪಟ್ಟು ಸೇರಿರುತ್ತದೆ. ಹಿಂಸೆ ಕೊಡುವವರೇ ನಾಳೆ ಅಣ್ಣಂದಿರಾಗುವವರು. ಹಾಗಾಗಿ ಎದ್ದು ಹೊರಬರುವುದು ಬಹಳ ಕಷ್ಟ, ತಾನೇ ಒಪ್ಪಿದ್ದಲ್ಲವೇ ಎಂಬ ನಾಚಿಕೆ ಬೇರೆ. ಪಿಯಾಝಾ ಹೆಸರಿನಲ್ಲಿ 2018ರಲ್ಲಿ ಬಂದ ಪೆನ್ಸಿಲ್ವೇನಿಯಾದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಹೇಜಿಂಗಿಗೆ, ಅಂದರೆ ಸಂಘಕ್ಕೆ ಸೇರಿಸಿಕೊಳ್ಳುವ ನೆಪದಲ್ಲಿ ಕೊಡುವ ಹಿಂಸೆಗೆ, ಒಳಗಾದವನು ಒಪ್ಪಿದ್ದ ಎಂಬುದು ಸಮರ್ಥನೆಯಾಗದು. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ.

ಹೆಣ್ಣುಮಕ್ಕಳ ತಾಯಂದಿರಿಗೆ ಇನ್ನೊಂದು ಮಾತು. ಸೊರಾರಿಟಿಗಳ ಒಕ್ಕೂಟವಾದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸಿಗೆ ಸೇರಿದ ಸೊರಾರಿಟಿಗಳ ಮನೆಯಲ್ಲಿ ಮದ್ಯ ಇಡುವಂತಿಲ್ಲ. ಕೇಳಿದರೆ ನೆಮ್ಮದಿ ಅನ್ನಿಸುತ್ತದೆ. ಆದರೆ ಆ ನಿಯಮದ ಫಲವಾಗಿ ಪಾರ್ಟಿಗಳು ಫ್ರೆಟರ್ನಿಟಿ ಮನೆಗಳಲ್ಲಿ ನಡೆಯುತ್ತವೆ. ಬಾಗಿಲು ಕಾಯುವವರು, ಲೋಟ ತುಂಬಿಸುವವರು ಹುಡುಗರೇ ಆಗುತ್ತಾರೆ. ಸೊರಾರಿಟಿ ಯಾವುದು ಎಂಬುದರ ಜೊತೆಗೆ ಅವರು ಯಾವ ಫ್ರೆಟರ್ನಿಟಿಯ ಪಾರ್ಟಿಗಳಿಗೆ ಹೋಗುತ್ತಾರೆ ಎಂದೂ ಕೇಳಿ.

ದುಡ್ಡಿನ ಲೆಕ್ಕ ಕಾಲೇಜಿಂದ ಕಾಲೇಜಿಗೆ ತುಂಬಾ ಬೇರೆ. ವರ್ಷದ ಪೂರ್ತಿ ಖರ್ಚು, ದಂಡಗಳನ್ನೂ ಸೇರಿಸಿ, ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ರಷ್ ಕೊನೆಯಲ್ಲಿ ಸಹಿ ಹಾಕಿಸುವ ಒಪ್ಪಂದವನ್ನೂ ಓದಿಸಿ. ಬಂದ ಬಿಡ್ ಬೇಡವೆಂದರೆ ಆ ಕ್ಯಾಂಪಸ್ಸಿನ ಬೇರೆ ಪ್ಯಾನ್‌ಹೆಲೆನಿಕ್ ಸೊರಾರಿಟಿಯನ್ನು ಸುಮಾರು ಒಂದು ವರ್ಷ ಸೇರುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಸಹಿಯಾದ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆ್ಯಕ್ಟ್ ಪ್ರಕಾರ ಯಾವ ಸಂಘ ತಪ್ಪಿತಸ್ಥ ಎಂದು ತೀರ್ಮಾನವಾಗಿದೆಯೋ ಅದರ ವರದಿಯನ್ನು ಕಾಲೇಜುಗಳು ಸಾರ್ವಜನಿಕವಾಗಿ ಪ್ರಕಟಿಸಬೇಕು. ಸಂಘದ ಹೆಸರು ಗೊತ್ತಾದ ದಿನವೇ ಅದನ್ನು ಹುಡುಕಿ ಓದಿ. ಒಂದೇ ಸಂಘದ ಒಂದು ಶಾಖೆ ಬಂಗಾರದಂಥದ್ದಿರಬಹುದು, ಇನ್ನೊಂದು ಊರಿನ ಶಾಖೆ ಮುಚ್ಚಿಸಿಕೊಂಡಿರಬಹುದು.

ಮಗಳಿಗೆ ನಾನು ಎರಡು ಷರತ್ತು ಹಾಕಿದ್ದೆ. ದೀಕ್ಷೆಯ ಮಂತ್ರ, ಗುಟ್ಟಿನ ಕೈಕುಲುಕು ಅವರೊಳಗೇ ಇರಲಿ, ನನಗೆ ಬೇಡ. ಆದರೆ ರಾತ್ರಿ ಎಲ್ಲಿದ್ದೆ, ನಿನ್ನಿಂದ ಏನು ಮಾಡಿಸಿದರು ಎಂಬುದನ್ನು ಮನೆಯಲ್ಲಿ ಹೇಳಬೇಡ ಅಂದವರ ಮನೆಯಿಂದ ಆ ಹೊತ್ತೇ ಹೊರಗೆ ಬಾ, ಕಟ್ಟಿದ ದುಡ್ಡು ಹೋದರೆ ಹೋಗಲಿ. ಎರಡನೆಯದು, ಯಾರಾದರೂ ಕುಡಿದು ಎಬ್ಬಿಸಿದರೂ ಏಳದಿದ್ದರೆ ಯಾರನ್ನೂ ಕೇಳದೆ 911 ಒತ್ತು. ಹಾಗೆ ಕರೆ ಮಾಡಿದವರಿಗೆ, ಅವರು 21 ತುಂಬದೆ ಕುಡಿದಿದ್ದರೂ, ರಕ್ಷಣೆ ಕೊಡುವ ಕಾನೂನು ಬಹುತೇಕ ರಾಜ್ಯಗಳಲ್ಲಿದೆ. ನಿಮ್ಮ ಮಗು ಇರುವ ರಾಜ್ಯದಲ್ಲಿ ಅದು ಹೇಗಿದೆ ಎಂದು ಇಬ್ಬರೂ ಕೂತು ಒಮ್ಮೆ ಓದಿಕೊಳ್ಳಿ, ರಷ್ ಶುರುವಾಗುವ ಮೊದಲೇ.